ಎಲೆಗಿಂತ ಜೊತೆ ದೊಡ್ಡದು

ಇಸ್ಪೀಟಿನ ಎಲೆಯನ್ನು ಕುರಿತು ಕಾಲೇಜಿನ ಸಂಚಿಕೆಯಲ್ಲಿ ಬರೆಯಹೊರಟರೆ ಗುರುಗಳ ಹುಬ್ಬು ತುಸು ಮೇಲೇರುವುದು ಸಹಜ. ಪಗಡೆಯಾಡಿ ರಾಜ್ಯ ಕಳೆದುಕೊಂಡ ಧರ್ಮರಾಯನ ಕಥೆಯನ್ನು ಕೇಳಿ ಬೆಳೆದ ನಾಡು ನಮ್ಮದು. ಆದರೆ ನಾನು ಹೇಳಬೇಕೆಂದಿರುವುದು ಜೂಜಿನ ಮಾತಲ್ಲ. ಮೀನು, ಆಮೆ, ಹಂದಿ, ಸಿಂಹ, ನಾಗ, ಭೂತಗಳು ಎಲೆಗಳ ಮೇಲೆ ಕುಳಿತು ನಡೆಸುವ ಯುದ್ಧದ ಮಾತು. ಆ ಯುದ್ಧದಲ್ಲಿ ಗೆಲ್ಲುವುದು ಯಾವುದು, ಆಡಲು ಯಾರಿಗೆ ಅವಕಾಶವುಂಟು ಎಂಬ ಮಾತು. ಆದುದರಿಂದ ವಾಚಕರು ಕೊನೆಯವರೆಗೆ ಓದಿ, ಅನಂತರವೇ ಹುಬ್ಬು ಗಂಟಿಕ್ಕಬೇಕೆಂದು ಪ್ರಾರ್ಥನೆ.

ನಮ್ಮ ಮನೆಯಿರುವುದು ಕಗ್ಗದಾಸಪುರದಲ್ಲಿ. ಹೆಸರು ಕೇಳಿದೊಡನೆ ಸಹಪಾಠಿಗಳು ಅದನ್ನು ಹಳ್ಳಿಯೆಂದೇ ತಿಳಿಯುತ್ತಾರೆ. ಒಂದು ಕಾಲಕ್ಕೆ ಅದು ಹಳ್ಳಿಯೇ ಆಗಿತ್ತು. ಅದಕ್ಕೆ ಸಾಕ್ಷಿಯಾಗಿ ಕೆರೆಯೊಂದು ಉಳಿದಿದೆ. ಈಗ ಒಂದೊಂದು ಕಟ್ಟಡದ ಮೆಟ್ಟಿಲ ಮೇಲೂ ಕನ್ನಡ, ತೆಲುಗು, ತಮಿಳು, ಹಿಂದಿಗಳು ಒಂದನ್ನೊಂದು ತಳ್ಳಿಕೊಂಡು ಇಳಿಯುತ್ತವೆ. ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಕಟ್ಟಡದ ಎರಡನೆಯ ಅಂತಸ್ತಿನ ಮೆಟ್ಟಿಲುಗಳು ಮಾತ್ರ ನಿಶ್ಶಬ್ದವಾಗಿದ್ದುವು. ಹುಡುಗರು ಜಗಳವಾಡದೆ ಒಂದೆಡೆ ಕುಳಿತಿದ್ದಾರೆಂದರೆ ಏನೋ ಅನಾಹುತವಿರಬೇಕೆಂದು ಹೋಗಿ ನೋಡಿದೆ. ನನ್ನ ತಮ್ಮನೂ ಮೇಲಿನ ಮನೆಯ ಹುಡುಗನೂ ಎದುರೆದುರು ಕುಳಿತು ಬಣ್ಣದ ಎಲೆಗಳನ್ನು ಹರಡಿಕೊಂಡಿದ್ದರು. ಮೇಲಿನ ಮನೆಯ ಹುಡುಗನಿಗೆ ಅಮೆರಿಕದಲ್ಲಿರುವ ಚಿಕ್ಕಪ್ಪ ಮೂರು ಪೆಟ್ಟಿಗೆ ಎಲೆಗಳನ್ನು ತಂದುಕೊಟ್ಟಿದ್ದರಂತೆ. ಕಾವಲುಗಾರರ ಮಗ ಎರಡು ಮೆಟ್ಟಿಲು ಮೇಲೆ ಕುಳಿತು ಬಗ್ಗಿ ನೋಡುತ್ತಿದ್ದ.

ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್.’ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ಇದನ್ನು ರಚಿಸಿದ. 1993ರಲ್ಲಿ ಮೊದಲು ಮಾರಾಟಕ್ಕೆ ಬಂತು. ಇಸ್ಪೀಟಿನ ಕಟ್ಟಿನಲ್ಲಿ ಎಲೆಗಳು 52. ಇದರಲ್ಲಿ ಇದುವರೆಗೆ ಅಚ್ಚಾದ ಬಗೆಬಗೆಯ ಎಲೆಗಳು 25,000ಕ್ಕೂ ಹೆಚ್ಚು. ಆಟಗಾರನು ತನ್ನಲ್ಲಿರುವ ಎಲೆಗಳಿಂದ 60ರ ಕಟ್ಟೊಂದನ್ನು ತಾನೇ ಕಟ್ಟಿಕೊಂಡು ಬರಬೇಕು. ಸಾಧಾರಣ ನೆಲದ ಎಲೆಗಳನ್ನು ಬಿಟ್ಟರೆ ಒಂದೇ ಎಲೆಯನ್ನು ನಾಲ್ಕಕ್ಕಿಂತ ಹೆಚ್ಚು ಇಡುವಂತಿಲ್ಲ. ಇಬ್ಬರಿಗೂ ತಲಾ 20 ಪ್ರಾಣ. ನೆಲದ ಎಲೆಗಳಿಂದ ಶಕ್ತಿ ಪಡೆದು, ಆ ಶಕ್ತಿಯಿಂದ ಜೀವಿಗಳನ್ನು ಕರೆದು, ಮಂತ್ರಗಳನ್ನು ಪ್ರಯೋಗಿಸಿ, ಎದುರಾಳಿಯ ಪ್ರಾಣವನ್ನು ಸೊನ್ನೆಗೆ ತರುವುದೇ ಆಟ.

ಮೊದಲು ನೋಡಿದಾಗ ನನಗೂ ಇದು ಮಕ್ಕಳಾಟವೆಂದೇ ತೋರಿತು. ತಮ್ಮನು ಗಾಬ್ಲಿನ್ ಎಂಬ ಕುಳ್ಳ ಪಿಶಾಚಿಗಳ ಎಲೆಗಳನ್ನು ಒಂದೊಂದಾಗಿ ಇಡುತ್ತಿದ್ದ. ಒಂದೊಂದೂ ಬಡಕಲು, ಊದಿದರೆ ಹಾರಿಹೋಗುವಂಥವು. ಆಮೇಲೆ ‘ಗಾಬ್ಲಿನ್ ಕಿಂಗ್’ ಎಂಬೊಂದು ಎಲೆಯನ್ನು ಇಟ್ಟ. ಆ ಅರಸ ಬಂದೊಡನೆ ಉಳಿದ ಗಾಬ್ಲಿನ್‌ಗಳಿಗೆಲ್ಲ ಬಲವೊಂದು, ತಾಳಿಕೆಯೊಂದು ಹೆಚ್ಚಾಯಿತು. ಐದು ಬಡಕಲು ಪಿಶಾಚಿಗಳು ಒಂದು ಸೈನ್ಯವಾದುವು! ಇದೇ ರೀತಿ ಮತ್ಸ್ಯಮಾನವರಿಗೆ ಒಬ್ಬ ಒಡೆಯ, ಎದ್ದುಬಂದ ಹೆಣಗಳಿಗೆ ಒಬ್ಬ ಯಜಮಾನ. 1993ರ ಮೊದಲ ಕಂತಿನಲ್ಲಿಯೇ ಈ ಮೂವರೂ ಇದ್ದರು.

ಇದಕ್ಕಿಂತಲೂ ನನಗೆ ಮೆಚ್ಚಾದುದು 1997ರಲ್ಲಿ ಬಂದ ‘ಸ್ಲಿವರ್’ ಎಂಬ ಜೀವಜಾತಿ. ಇವುಗಳ ಬಲಕ್ಕೆ ಅರಸನೊಬ್ಬ ಬೇಕಿಲ್ಲ. ಒಂದರ ಗುಣ ಎಲ್ಲಕ್ಕೂ ಸೇರುತ್ತದೆ. ರೆಕ್ಕೆಯುಳ್ಳ ಸ್ಲಿವರ್ ಒಂದು ಬಂದರೆ ಎಲ್ಲ ಸ್ಲಿವರ್‌ಗಳೂ ಹಾರುತ್ತವೆ; ತೋಳ್ಬಲದ ಸ್ಲಿವರ್ ಬಂದರೆ ಎಲ್ಲದರ ತೋಳೂ ಗಟ್ಟಿಯಾಗುತ್ತದೆ. ಇನ್ನೂ ಚೋದ್ಯವೆಂದರೆ ಮೊದಮೊದಲಿನ ಸ್ಲಿವರ್‌ಗಳ ಗುಣ ಎದುರಾಳಿಯ ಸ್ಲಿವರ್‌ಗಳಿಗೂ ಸಲ್ಲುತ್ತಿತ್ತು. ಒಬ್ಬನ ಮನೆಗೆ ದೀಪ ಹಚ್ಚಿದರೆ ಪಕ್ಕದ ಮನೆಯ ಅಂಗಳಕ್ಕೂ ಬೆಳಕು ಬೀಳುವುದಿಲ್ಲವೆ, ಹಾಗೆ.

ಇವು ಬಂಧುಬಳಗದ ಜೊತೆಗಳಾದುವು. ಬಂಧುತ್ವವೇ ಇಲ್ಲದ ಎಲೆಗಳ ಜೊತೆಯೂ ಉಂಟು. ಈ ಆಟದ ಆರಂಭದ ದಿನಗಳಿಂದ ಹೆಸರಾದ ಜೊತೆಯೊಂದನ್ನು ಮೇಲಿನ ಮನೆಯ ಹುಡುಗ ನನಗೆ ಲೆಕ್ಕಮಾಡಿ ತೋರಿಸಿದ. ಪರ್ವತವೊಂದು, ಕಪ್ಪು ತಾವರೆಯೊಂದು, ‘ಚಾನೆಲ್’ ಎಂಬ ಮಂತ್ರ, ‘ಫೈರ್‌ಬಾಲ್’ ಎಂಬ ಬೆಂಕಿಯುಂಡೆ: ಈ ನಾಲ್ಕೆಲೆ ಕೈಯಲ್ಲಿದ್ದರೆ ಮೊದಲ ಸರದಿಯಲ್ಲೇ ಆಟ ಮುಗಿಯಬಹುದು. ಚಾನೆಲ್ ಮಂತ್ರವು ತನ್ನ ಪ್ರಾಣವನ್ನೇ ಶಕ್ತಿಯಾಗಿ ಮಾರ್ಪಡಿಸುವುದು. 20 ಪ್ರಾಣಗಳಲ್ಲಿ 19ನ್ನು ತೆತ್ತು, ತಾವರೆಯಿಂದ ಉಳಿದ ಒಂದನ್ನು ಸೇರಿಸಿ, ಇಪ್ಪತ್ತರ ಬೆಂಕಿಯುಂಡೆಯನ್ನು ಎಸೆದರೆ ಎದುರಾಳಿಯ ಇಪ್ಪತ್ತೂ ಭಸ್ಮ. ಆದರೆ ಎದುರಾಳಿಯ ಕೈಯಲ್ಲಿ ತಡೆಯುವ ಎಲೆಯೊಂದಿದ್ದರೆ? ಎಸೆದವನು ಒಂದೇ ಪ್ರಾಣ ಹಿಡಿದುಕೊಂಡು ಕೂರಬೇಕು. ಭಸ್ಮಾಸುರನ ಕೈ ಯಾರ ತಲೆಯ ಮೇಲೆ ಬಿತ್ತೆಂಬುದು ನಮಗೆ ಗೊತ್ತಿರುವ ಕಥೆಯೇ ತಾನೆ!

ಈ ಉದಾಹರಣೆಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಇಂಥ ಆಟಗಳ ಸೊಗಸು ಅತ್ಯಂತ ಬಲಿಷ್ಠವಾದ ಎಲೆಯಲ್ಲಿಲ್ಲ. ಒಂಟಿಯಾಗಿ ಕೆಲಸಕ್ಕೆ ಬಾರದ ಎರಡು ಎಲೆಗಳು ಒಂದರ ಪಕ್ಕದಲ್ಲಿ ಒಂದು ನಿಂತಾಗ ಏನಾಗುತ್ತದೆಂಬುದರಲ್ಲಿದೆ. ಚಾನೆಲ್ ಒಂದೇ ಇದ್ದರೆ ಅದು ಆತ್ಮಹತ್ಯೆ. ಜೊತೆ ಸಿಕ್ಕಿದರೆ ಜಯ.

ಇದನ್ನು ಕಂಡು, ಆಹಾ, ಪಾಶ್ಚಾತ್ಯರ ಕಲ್ಪನಾಶಕ್ತಿಯೇ ಶಕ್ತಿಯೆಂದು ಬೆರಗಾಗುವವರು ನಮ್ಮಲ್ಲಿದ್ದಾರೆ. ಅವರಿಗೆ ನನ್ನ ವಿನಂತಿ ಇಷ್ಟೆ: ಬೆರಗಾಗಿ, ಆದರೆ ಮನೆಯ ಹಳೆಯ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಿ. ಎಲೆಗಳ ಮೇಲೆ ಜೀವಜಾತಿಗಳನ್ನು ಕೂರಿಸಿದುದು ನಮ್ಮ ದೇಶಕ್ಕೆ ಹೊಸದಲ್ಲ. ಗಂಜೀಫಾ ಎಂಬ ಎಲೆಯಾಟ ಪಾರಸಿಕ ನಾಡಿನ ಕಡೆಯಿಂದ ಬಂದುದು. ಬಾಬರನು 1527ರಲ್ಲಿ ಸಿಂಧಿನಲ್ಲಿದ್ದ ಮಿತ್ರನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಕ್ಬರನ ಕಾಲದ ಕಟ್ಟನ್ನು ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ವಿವರಿಸಿದ್ದಾನೆ. ಇಸ್ಪೀಟಿನಲ್ಲಿ ನಾಲ್ಕು ಬಣ್ಣಗಳಿರುವಂತೆ ಅದರಲ್ಲಿ ಹನ್ನೆರಡು. ಬಣ್ಣಕ್ಕೆ 12ರಂತೆ ಒಟ್ಟು 144 ಎಲೆ. ಹೆಸರುಗಳನ್ನು ಕೇಳಿ: ಅಶ್ವಪತಿ, ಗಜಪತಿ, ನರಪತಿ, ಗಢಪತಿ, ಧನಪತಿ, ದಳಪತಿ, ಹಡಗುಗಳ ಒಡೆಯ, ಸ್ತ್ರೀಯರ ಒಡತಿ, ಸುರಪತಿ, ಅಸುರಪತಿ, ವನಪತಿ, ಅಹಿಪತಿ. ಕುದುರೆ, ಆನೆ, ಕಾಡುಮೃಗ, ಸರ್ಪ, ದೇವ, ದಾನವ ಎಲ್ಲಕ್ಕೂ ಒಬ್ಬೊಬ್ಬ ಅರಸ, ಅವನ ಕೆಳಗೆ ಒಬ್ಬ ಮಂತ್ರಿ, ಆಮೇಲೆ ಹತ್ತು ಪ್ರಜೆಗಳು. ಕಾಲಾಳುಬಲದ ನರಪತಿಗೆ ಅಬುಲ್ ಫಜಲನು ಕೊಟ್ಟ ಉದಾಹರಣೆ ನಮ್ಮ ಬಿಜಾಪುರದ ಅರಸರದು! ಸುರಪತಿ ಇಂದ್ರನಾದರೆ, ಅಸುರಪತಿಯ ಸಿಂಹಾಸನದ ಮೇಲೆ ಕುಳಿತವನು ದಾವೂದನ ಮಗ ಸುಲೈಮಾನ. ಇಂದ್ರನನ್ನೂ ಸುಲೈಮಾನನನ್ನೂ ಒಂದೇ ಕಟ್ಟಿನಲ್ಲಿ ಕಲೆಸಿದ ಕೈಗಳಿಗೆ ಯಾವ ಸಂಕೋಚವೂ ಇದ್ದಂತೆ ತೋರುವುದಿಲ್ಲ.

ಮುಂದೆ ಈ ಆಟ ದಶಾವತಾರದ ವೇಷ ತೊಟ್ಟಿತು. ಹತ್ತು ಅವತಾರಕ್ಕೆ ಹತ್ತು ಬಣ್ಣ. ಒಂದೊಂದರಲ್ಲಿ ರಾಜ, ಮಂತ್ರಿ, ಒಂದರಿಂದ ಹತ್ತು. ಹೀಗೆ 120 ದುಂಡನೆಯ ಎಲೆಗಳು. ಮೂವರು ಕುಳಿತರೆ ತಲಾ 40. ಅರ್ಧದಷ್ಟು ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ಒಂದೇ ದೊಡ್ಡದು, ಹತ್ತೇ ಕೊನೆ. ಹಗಲಾದರೆ ರಾಮನ ರಾಜನಿಂದ ಆಟ ಮೊದಲು. ಇರುಳಾದರೆ ಕೃಷ್ಣನ ರಾಜನಿಂದ. ಇಸ್ಪೀಟಿನ ತುರುಪು ಇಲ್ಲಿಲ್ಲ. ಒಂದು ಬಣ್ಣದಲ್ಲಿ ಮೇಲಿನ ಎಲೆಗಳೆಲ್ಲ ಹೊರಬಿದ್ದ ಮೇಲೆ ಉಳಿದುದರಲ್ಲಿ ಯಾವುದು ದೊಡ್ಡದೋ ಅದೇ ಹುಕುಂ. ಆದುದರಿಂದ ಈ ಆಟದಲ್ಲಿ ಬೇಕಾದುದು ಜ್ಞಾಪಕಶಕ್ತಿ. ಮೀನಿನ ರಾಜ ಹೋದ, ಮಂತ್ರಿ ಹೋದ, ಮೇಲಿನ ಐದು ಹೋದುವು ಎಂದು ನೆನಪಿಟ್ಟವನಿಗೆ, ಯಾರೂ ಲೆಕ್ಕಕ್ಕೆ ತಾರದ ಬಡ ಎಲೆಯೊಂದು ಅರಸನಾಗಿ ಒದಗುತ್ತದೆ.

ಎಲೆಯ ಮಾತು ಹಾಗಿರಲಿ, ಕಲ್ಲಿನಲ್ಲಿಯೂ ನಮ್ಮವರು ಈ ಆಟವನ್ನಾಡಿದ್ದಾರೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಶಿಲ್ಪವುಂಟು. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಶರಭ ನುಂಗುತ್ತಿದೆ. ಶರಭವನ್ನು ಗಂಡಭೇರುಂಡ ಸಂಹರಿಸುತ್ತಿದೆ. ನನ್ನ ತಮ್ಮನಿಗೆ ಇದರ ಚಿತ್ರವನ್ನು ತೋರಿಸಿದೆ. ಅವನು ಒಂದು ನಿಮಿಷ ನೋಡಿ, ‘ಅಣ್ಣಾ, ಇದ್ರ ಮೇಲೆ ಯಾವ್ದು?’ ಎಂದ. ಸರಿಯಾದ ಪ್ರಶ್ನೆ! ನರಸಿಂಹನನ್ನು ಶಾಂತಗೊಳಿಸಲು ಶರಭವೆಂದು ಶೈವರು ಹೇಳಿದರೆ, ಆ ಶರಭವನ್ನು ಮಣಿಸಲು ಗಂಡಭೇರುಂಡವೆಂದು ವೈಷ್ಣವರು ಹೇಳಿದರು. ಒಂದಕ್ಕಿಂತ ಒಂದು ದೊಡ್ಡ ಎಲೆಯನ್ನು ಅಚ್ಚು ಹಾಕುತ್ತ ಹೋಗುವ ಇಂದಿನ ವ್ಯಾಪಾರಿಗಳ ಉಪಾಯ ಅಂದಿನ ಪೌರಾಣಿಕರಿಗೂ ಹೊಳೆದಿತ್ತು. ಕೊನೆಯ ಎಲೆಯಾದ ಆ ಎರಡು ತಲೆಯ ಹಕ್ಕಿ ಈಗ ನಮ್ಮ ರಾಜ್ಯದ ಲಾಂಛನದಲ್ಲಿ ಕುಳಿತಿದೆ.

ಎಲೆಯಾಟವನ್ನು ಅತ್ಯಂತ ಎತ್ತರಕ್ಕೆ ಒಯ್ದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಅವರೇ ಕಲ್ಪಿಸಿದ ‘ಛದ’ ಆಟಗಳ ವಿವರಗಳಿವೆ. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಇಸ್ಪೀಟನ್ನು ಎಲೆಯೆನ್ನುವ ನಮಗೆ ಬೇರೆ ಅರ್ಥ ಹೇಳಬೇಕಾಗಿಲ್ಲ. ಚಾಮುಂಡೇಶ್ವರಿ ಛದ, ನವಗ್ರಹ ಛದ, ಕೃಷ್ಣರಾಜ ಛದ ಮೊದಲಾದುವು ಇವುಗಳಲ್ಲಿ ಸೇರಿವೆ. ಕೆಲವದರಲ್ಲಿ 18 ಬಣ್ಣಗಳು. ದೊಡ್ಡ ಕಟ್ಟಿನಲ್ಲಿ 360 ಎಲೆಗಳವರೆಗೆ. ಸಾಧಾರಣವಾಗಿ ಬಣ್ಣವೊಂದಕ್ಕೆ ರಾಜ ಮಂತ್ರಿಗಳಷ್ಟೇ ಅಲ್ಲದೆ ಆರು ಆಸ್ಥಾನದ ಎಲೆಗಳು, ಹನ್ನೆರಡು ಅಂಕಿಯ ಎಲೆಗಳು. ಎಂದೆಂದಿಗೂ ತುರುಪಾಗಿಯೇ ಉಳಿಯುವ ಎಲೆಗಳೂ, ಬೇರೆ ಎಲೆಯ ಬದಲಿಗೆ ನಿಲ್ಲಬಲ್ಲ ಜೋಕರಿನಂಥ ಎಲೆಗಳೂ ಇದ್ದುವು. ಗಾರ್ಫೀಲ್ಡನಿಗಿಂತ ನೂರು ವರ್ಷಕ್ಕೂ ಹಿಂದೆ ನಮ್ಮ ಅರಮನೆಯಲ್ಲಿ ಇಂಥ ಜೊತೆಗಳನ್ನು ಲೆಕ್ಕಹಾಕುತ್ತ ಕುಳಿತಿದ್ದ ದೊರೆಯೊಬ್ಬರಿದ್ದರು!

ಹಾಗಾದರೆ ಆ ಆಟ ಏನಾಯಿತು? ಇಲ್ಲಿ ನಾವು ಅಭಿಮಾನವನ್ನು ಬದಿಗಿಟ್ಟು ನಿಜ ಹೇಳಬೇಕು. ಛದದ ಆಟಗಳು ಜನರಲ್ಲಿ ಹಬ್ಬಲೇ ಇಲ್ಲ. ಬಹುಶಃ ಅರಮನೆಯ ಹೊರಗೆ ಅವುಗಳನ್ನು ಆಡಿದವರೇ ಇಲ್ಲ. 360 ಎಲೆಗಳನ್ನು ಕೈಯಿಂದ ಬರೆಯಿಸಿಕೊಳ್ಳುವ ಶಕ್ತಿ ಯಾವ ರೈತನಿಗಿತ್ತು? ನಿಯಮಗಳನ್ನು ಕಲಿಯುವ ಬಿಡುವು ಯಾವ ಗುಮಾಸ್ತನಿಗಿತ್ತು? ಈಗ ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ರಘುಪತಿ ಭಟ್ಟರಂಥ ಕಲಾವಿದರ ಶ್ರಮದಿಂದ ಚಿತ್ರಕಲೆ ಮರುಜೀವ ಪಡೆದಿದೆ. ಅದು ಸಂತೋಷದ ಸಂಗತಿಯೇ. ಆದರೆ ಎಲೆಗಳು ಚೌಕಟ್ಟಿನೊಳಗೆ ಸೇರಿ ಗೋಡೆಯನ್ನೇರಿವೆ. ನೋಡುವವರುಂಟು, ಕೊಳ್ಳುವವರುಂಟು, ಕಲೆಸಿ ಹಂಚುವವರು ಮಾತ್ರ ವಿರಳ. ವೀಣೆಯನ್ನು ಗೋಡೆಗೆ ತೂಗುಹಾಕಿ ಸಂಗೀತ ಉಳಿಯಿತೆಂದು ಹೇಳಬಹುದೆ?

ಈಗ ಮತ್ತೆ ಕಗ್ಗದಾಸಪುರದ ಮೆಟ್ಟಿಲಿಗೆ ಬರೋಣ. ಕಾವಲುಗಾರರ ಮಗನನ್ನು, ‘ನೀನ್ಯಾಕೆ ಆಡ್ತಾ ಇಲ್ಲವೋ?’ ಎಂದು ಕೇಳಿದೆ. ‘ನಂಗೆ ಬರುತ್ತಣ್ಣ. ಎಲೆ ಇಲ್ಲ’ ಎಂದ. ಬರುತ್ತದೆಂದದ್ದು ಸುಳ್ಳಲ್ಲ. ಯಾವ ಎಲೆಗೆ ಯಾವುದು ಜೊತೆಯೆಂದು ನನ್ನ ತಮ್ಮನಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ದಿನವೂ ಮೇಲಿನ ಮೆಟ್ಟಿಲ ಮೇಲೆ ಕುಳಿತು ಇಬ್ಬರ ಕೈಯನ್ನೂ ನೋಡಿ ಕಲಿತಿದ್ದ. ಆದರೆ ಆ ಆಟದ ಮೊದಲ ನಿಯಮ ಯಾವ ಕಾಗದದಲ್ಲಿಯೂ ಅಚ್ಚಾಗಿಲ್ಲ: ಎಲೆ ಕೊಂಡವನೇ ಆಡತಕ್ಕದ್ದು. ಎಲೆಗಳು ಬಾಯಿಮುಚ್ಚಿದ ಪೊಟ್ಟಣದಲ್ಲಿ ಬರುತ್ತವೆ. ಮೊದಲ ಕಂತಿನ ಪೊಟ್ಟಣದಲ್ಲಿ 15 ಎಲೆ. ಅಪರೂಪದ್ದು ಒಂದೇ ಒಂದು. ಬೇಕಾದುದು ಬರುವವರೆಗೆ ಕೊಳ್ಳುತ್ತಲೇ ಇರಬೇಕು, ಇಲ್ಲವೆ ಇದ್ದವನಿಂದ ದುಬಾರಿ ಬೆಲೆಗೆ ಪಡೆಯಬೇಕು. ಮೇಲೆ ಹೇಳಿದ ಕಪ್ಪು ತಾವರೆಯ ಎಲೆಯೊಂದು 2021ರಲ್ಲಿ ಐದು ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಹರಾಜಾಯಿತು. ಗಂಜೀಫಾವನ್ನು ಜೂಜೆಂದು ಶಂಕಿಸುವ ಹಿರಿಯರು ಇದನ್ನು ಗಮನಿಸಬೇಕು. ಎಲೆ ಇದ್ದಮಾತ್ರಕ್ಕೆ ಜೂಜಾಗುವುದಿಲ್ಲ; ಏನು ಸಿಕ್ಕೀತೆಂಬ ಆಸೆಯಿಂದ ದುಡ್ಡು ಸುರಿಯುವುದು ಜೂಜು. ಪಣವಿಲ್ಲದೆ ಆಡುವ ಗಂಜೀಫಾಕ್ಕಿಂತ ಬಾಯಿಮುಚ್ಚಿದ ಆ ಪೊಟ್ಟಣವೇ ಜೂಜಿಗೆ ಹತ್ತಿರ.

ಒಂದು ಕಡೆ ಅರಮನೆಯ ಬಾಗಿಲು, ಇನ್ನೊಂದು ಕಡೆ ಅಂಗಡಿಯ ಬಾಗಿಲು. ಮೊದಲನೆಯದರೊಳಗೆ ನಮ್ಮ ಆಟ ಸೊರಗಿತು. ಎರಡನೆಯದರ ಹೊರಗೆ ನಮ್ಮ ಹುಡುಗ ನಿಂತಿದ್ದಾನೆ.

ಆ ಸಂಜೆ ನನಗೊಂದು ಯೋಚನೆ ಬಂತು. ಮನೆಯ ಅಟ್ಟದಲ್ಲಿ ಹಳೆಯ ಲಗ್ನಪತ್ರಿಕೆಗಳ ಕಟ್ಟೊಂದಿತ್ತು. ಒಳ್ಳೆಯ ದಪ್ಪ ಕಾಗದ. ಕಾಫಿ ಲೋಟವನ್ನು ಬೋರಲು ಹಾಕಿ ಗೆರೆಯೆಳೆದು, ಮೂವರು ಹುಡುಗರೂ ನಾನೂ ಸೇರಿ ಮೂರು ದಿನಗಳಲ್ಲಿ 120 ಬಿಲ್ಲೆಗಳನ್ನು ಕತ್ತರಿಸಿದೆವು. ಮೀನು, ಆಮೆ, ಹಂದಿ, ಸಿಂಹ. ವಾಮನನಿಗೆ ಕಮಂಡಲು, ಪರಶುರಾಮನಿಗೆ ಕೊಡಲಿ, ರಾಮನಿಗೆ ಬಿಲ್ಲು, ಕೃಷ್ಣನಿಗೆ ಹಸು, ಬುದ್ಧನಿಗೆ ತಾವರೆ, ಕಲ್ಕಿಗೆ ಕತ್ತಿ. ನಮ್ಮ ಹಂದಿಗಳು ಇಲಿಗಳಂತಿದ್ದುವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಹಂಚುವ ಮೊದಲು ಕಾವಲುಗಾರರ ಮಗ ಕೇಳಿದ: ‘ಇದ್ರಲ್ಲಿ ಎಲ್ರಿಗೂ ಸಮ ಎಲೆ ಬರುತ್ತಾ ಅಣ್ಣ?’ ಬರುತ್ತದೆಂದೆ. ಅವನು ತನ್ನ 40 ಎಲೆಗಳನ್ನು ಎರಡು ಸಲ ಎಣಿಸಿಕೊಂಡ.

ಮೊದಲ ಆಟ ಗೊಂದಲದಲ್ಲಿಯೇ ಮುಗಿಯಿತು. ಯಾವ ಬಣ್ಣದಲ್ಲಿ ಒಂದು ದೊಡ್ಡದು, ಯಾವುದರಲ್ಲಿ ಹತ್ತು ದೊಡ್ಡದು ಎಂಬ ಜಗಳದಲ್ಲೇ ಕತ್ತಲಾಯಿತು. ಮೂರನೆಯ ಸಂಜೆ ಕೊನೆಯ ಸುತ್ತಿಗೆ ಕಾವಲುಗಾರರ ಮಗ ಆಮೆಯ ಬಡ ಎಲೆಯೊಂದನ್ನು ನೆಲಕ್ಕಿಟ್ಟು ‘ಹುಕುಂ’ ಎಂದ. ಉಳಿದಿಬ್ಬರು ನಕ್ಕರು. ಅವನು ಹೊರಬಿದ್ದ ಆಮೆಗಳನ್ನೆಲ್ಲ ಬೆರಳು ಮಡಿಸಿ ಒಂದೊಂದಾಗಿ ಹೇಳಿದ. ಲೆಕ್ಕ ಸರಿಯಾಗಿತ್ತು. ಆ ಎಲೆಗಿಂತ ಮೇಲಿನದು ಯಾರ ಕೈಯಲ್ಲಿಯೂ ಉಳಿದಿರಲಿಲ್ಲ. ಮೇಲಿನ ಮನೆಯ ಹುಡುಗ ಮರುದಿನ ತನ್ನ ಮೂರು ಪೆಟ್ಟಿಗೆಗಳನ್ನೂ ಹೊರತಂದು, ‘ಇದ್ರಲ್ಲಿ ನೀನೂ ಒಂದು ಕಟ್ಟು ಮಾಡ್ಕೋ, ಇಲ್ಲೇ ಆಡೋಣ’ ಎಂದು ಅವನಿಗೆ ಹೇಳಿದನಂತೆ. ಇದು ನಾನು ನಿರೀಕ್ಷಿಸಿರದ ಜೊತೆ.

ಇಷ್ಟರಿಂದ ನಾನು ಅಮೆರಿಕದ ಆಟವನ್ನು ನಿಂದಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. ಅದರ ಕಲ್ಪನೆ ಶ್ರೀಮಂತವಾದುದು, ಕಲಿಯಬೇಕಾದುದು ಬಹಳವಿದೆ. 2016ರಲ್ಲಿ ಅವರು ನಮ್ಮ ನಾಡಿನ ಉಡುಗೆತೊಡುಗೆ, ಹೆಸರುಗಳ ಛಾಯೆಯಲ್ಲಿ ‘ಕಲಾದೇಶ್’ ಎಂಬ ಕಂತನ್ನೇ ತಂದರು. ಅವರು ನಮ್ಮಿಂದ ಪಡೆಯಲು ನಾಚಲಿಲ್ಲ. ನಾವು ಅವರಿಂದ ಪಡೆಯಲು ಏಕೆ ನಾಚಬೇಕು? ಒಂದು ಜೀವದ ಗುಣ ಬಳಗಕ್ಕೆಲ್ಲ ಸಲ್ಲುವ ಸ್ಲಿವರಿನ ನಿಯಮವನ್ನು ಅವರಿಂದ ಪಡೆಯೋಣ. ಎಲ್ಲರಿಗೂ ಒಂದೇ ಕಟ್ಟಿನಿಂದ ಸಮನಾಗಿ ಹಂಚುವ ನಿಯಮವನ್ನು ಗಂಜೀಫಾದಿಂದ ಪಡೆಯೋಣ. ಜೀವಿಗಳನ್ನು ಬೇಲೂರಿನ ಗೋಡೆಯಿಂದ ಇಳಿಸಿಕೊಳ್ಳೋಣ. ಜಿಂಕೆಗೂ ಗಂಡಭೇರುಂಡವನ್ನು ತಡೆಯುವ ಜೊತೆಯೊಂದು ದೊರೆಯುವಂತೆ ನಿಯಮ ಮಾಡಿದರೆ, ತಮ್ಮನ ‘ಇದ್ರ ಮೇಲೆ ಯಾವ್ದು?’ ಎಂಬ ಪ್ರಶ್ನೆಗೆ ಉತ್ತರವೂ ಸಿಕ್ಕೀತು.

ಈ ಕೆಲಸಕ್ಕೆ ನಮ್ಮಂಥ ಸರ್ಕಾರಿ ಕಲಾ ಕಾಲೇಜಿಗಿಂತ ಯೋಗ್ಯವಾದ ಸ್ಥಳ ಯಾವುದು? ಚರಿತ್ರೆಯ ವಿದ್ಯಾರ್ಥಿಗಳು ಹಳೆಯ ನಿಯಮಗಳನ್ನು ಹುಡುಕಲಿ. ಸಂಸ್ಕೃತ ಬಲ್ಲವರು ಕೌತುಕನಿಧಿಯನ್ನು ಬಿಡಿಸಿ ಹೇಳಲಿ. ಕೈಯಲ್ಲಿ ಚಿತ್ರಕಲೆಯುಳ್ಳವರು ನಮ್ಮ ಇಲಿಯಂಥ ಹಂದಿಯನ್ನು ತಿದ್ದಲಿ. ಒಂದು ಕಟ್ಟಿಗೆ ತಗಲುವ ಖರ್ಚು ಕೆಲವು ಹಳೆಯ ಲಗ್ನಪತ್ರಿಕೆ ಮತ್ತು ಒಂದು ಕಾಫಿ ಲೋಟ. ಕ್ರೀಡಾಕೊಠಡಿಯ ಕೇರಂ ಹಲಗೆಯ ಪಕ್ಕದಲ್ಲಿ ಅಂಥದೊಂದು ಕಟ್ಟನ್ನಿಡಲು ಅಧ್ಯಾಪಕ ಮಹಾಶಯರು ಅಪ್ಪಣೆ ಕೊಟ್ಟರೆ ಅಷ್ಟೇ ಸಾಕು. ಬೇಡವೆಂದರೂ ಚಿಂತೆಯಿಲ್ಲ. ಆಡುವ ಮನಸ್ಸುಳ್ಳವರು ಭಾನುವಾರ ಸಂಜೆ ಕಗ್ಗದಾಸಪುರಕ್ಕೆ ಬರಬಹುದು. ಮೆಟ್ಟಿಲ ಮೇಲೆ ಜಾಗವಿದೆ, ಎಲ್ಲರಿಗೂ ಸಮವಾಗಿ ಎಲೆಯಿದೆ. ಆದರೆ ಮುಂಚಿತವಾಗಿ ಎಚ್ಚರಿಸುತ್ತೇನೆ: ಆಮೆಗಳನ್ನು ಎಣಿಸುತ್ತಿರಿ.